ಯುದ್ಧಾಪರಾಧ ವಿಚಾರಣೆಯಲ್ಲಿ ಬದುಕುಳಿದವರ ಸಾಕ್ಷ್ಯವನ್ನು ಓದುವುದು ಹೇಗೆ?

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರದ ಕಾನೂನು ಕಾಲೇಜುಗಳಲ್ಲಿ ಅಣಕು ನ್ಯಾಯಾಲಯ ಸ್ಪರ್ಧೆಗಳು ಹತ್ತಿರವಾದಾಗಲೆಲ್ಲ ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ಪದೇ ಪದೇ ಕೇಳುತ್ತಾರೆ. ಹತ್ಯಾಕಾಂಡದಲ್ಲಿ ಬದುಕುಳಿದ ಒಬ್ಬರ ಮಾತಿನ ಮೇಲೆಯೇ ಸೇನಾಧಿಕಾರಿಯೊಬ್ಬನಿಗೆ ಶಿಕ್ಷೆ ವಿಧಿಸಬಹುದೇ ಎಂಬುದು ಮೊದಲನೆಯದು. ಅಷ್ಟು ನೋವುಂಡವರನ್ನು ಪಾಟಿ ಸವಾಲಿಗೆ ಒಡ್ಡುವುದು ಸರಿಯೇ ಎಂಬುದು ಎರಡನೆಯದು. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಿರುವುದರಿಂದ ಸುತ್ತಲಿನ ಊರುಗಳ ನಿವೃತ್ತ ಸೈನಿಕರ ಮನೆಗಳಿಂದಲೂ ಇದೇ ಬಗೆಯ ಪ್ರಶ್ನೆಗಳು ಬರುತ್ತವೆ. ಕೇಳುವವರಲ್ಲಿ ಹೆಚ್ಚಿನವರು ತೀರ್ಪಿನ ಸಾರಾಂಶವನ್ನೋ ಒಂದು ಸಣ್ಣ ವೀಡಿಯೊ ತುಣುಕನ್ನೋ ನೋಡಿರುತ್ತಾರೆ, ಸಾಕ್ಷಿ ನುಡಿದ ಮಾತನ್ನು ಮೊದಲಿನಿಂದ ಕೊನೆಯವರೆಗೆ ಓದಿರುವುದಿಲ್ಲ. ಹಾಗೆ ಪೂರ್ತಿಯಾಗಿ ಓದುವ ಕ್ರಮವನ್ನು ಈ ಲೇಖನದಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲು ಬೇಕಾಗುವ ಸಾಮಗ್ರಿ

ಒಂದೇ ಪ್ರಕರಣವನ್ನು ಆರಿಸಿಕೊಳ್ಳಿ. ಅದರ ನಾಲ್ಕು ದಾಖಲೆಗಳು ನಿಮ್ಮ ಕೈಯಲ್ಲಿರಬೇಕು: ದೋಷಾರೋಪ ಪಟ್ಟಿ, ಸಾಕ್ಷಿ ನುಡಿದ ದಿನಗಳ ಕಲಾಪದ ಪದಶಃ ದಾಖಲೆ, ವಿಚಾರಣಾ ಪೀಠದ ತೀರ್ಪು ಮತ್ತು ಮೇಲ್ಮನವಿ ಪೀಠದ ತೀರ್ಪು. ಜೊತೆಗೆ ಆ ನ್ಯಾಯಾಲಯದ ಸಾಕ್ಷ್ಯ ನಿಯಮಾವಳಿ ಮತ್ತು ಘಟನೆ ನಡೆದ ಪ್ರದೇಶದ ನಕ್ಷೆಯನ್ನು ಇಟ್ಟುಕೊಳ್ಳಿ. ಹಿಂದಿನ ಯುಗೊಸ್ಲಾವಿಯ ಮತ್ತು ರುವಾಂಡಾಕ್ಕಾಗಿ ವಿಶ್ವಸಂಸ್ಥೆ ಸ್ಥಾಪಿಸಿದ್ದ ನ್ಯಾಯಮಂಡಳಿಗಳ ದಾಖಲೆಗಳನ್ನು ಅವುಗಳ ಉಳಿಕೆ ಕೆಲಸ ನೋಡಿಕೊಳ್ಳುವ ಸಂಸ್ಥೆ ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ನ್ಯೂರೆಂಬರ್ಗ್ ವಿಚಾರಣೆಯ ಕಲಾಪಗಳು ಯೇಲ್ ವಿಶ್ವವಿದ್ಯಾಲಯದ ಅವಲಾನ್ ಸಂಗ್ರಹದಲ್ಲಿ ದೊರೆಯುತ್ತವೆ. ಇವೆಲ್ಲ ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರು ಅಂಜುತ್ತಾರೆ, ಆದರೆ ಅಂಜಬೇಕಾಗಿಲ್ಲ. ತೀರ್ಪಿನ ಭಾಷೆ ಕಠಿಣವಾದರೂ ಸಾಕ್ಷಿಗಳ ಮಾತು ಬಹುಮಟ್ಟಿಗೆ ಸರಳವಾಗಿರುತ್ತದೆ.

ಹಂತ 1: ಯಾವ ನ್ಯಾಯಾಲಯ, ಯಾವ ನಿಯಮ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ

ಯುದ್ಧಾಪರಾಧಗಳ ವಿಚಾರಣೆ ಒಂದೇ ಬಗೆಯ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ನ್ಯೂರೆಂಬರ್ಗ್ ಮತ್ತು ಟೋಕಿಯೊಗಳಲ್ಲಿ ಇದ್ದದ್ದು ಎರಡನೇ ಮಹಾಯುದ್ಧದಲ್ಲಿ ಗೆದ್ದ ರಾಷ್ಟ್ರಗಳ ಸೇನಾ ನ್ಯಾಯಮಂಡಳಿಗಳು, ಆದರೆ 1961ರಲ್ಲಿ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ನಡೆದದ್ದು ಜೆರುಸಲೇಮಿನ ಜಿಲ್ಲಾ ನ್ಯಾಯಾಲಯದಲ್ಲಿ. ಸಿರಿಯಾದ ಸೆರೆಮನೆಯೊಂದರಲ್ಲಿ ಚಿತ್ರಹಿಂಸೆಗೆ ಒಳಗಾದವರ ಸಾಕ್ಷ್ಯವನ್ನು ಕೇಳಿ 2022ರ ಜನವರಿ 13ರಂದು ಸಿರಿಯಾದ ಮಾಜಿ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು ಜರ್ಮನಿಯ ಕೊಬ್ಲೆಂಜ್ ನಗರದ ನ್ಯಾಯಾಲಯ. 2002ರ ಜುಲೈ 1ರಂದು ಜಾರಿಗೆ ಬಂದ ರೋಮ್ ಶಾಸನದಡಿ ಕೆಲಸ ಮಾಡುವ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಭಾರತ ಸದಸ್ಯ ರಾಷ್ಟ್ರವಲ್ಲ. ನಮ್ಮ ದೇಶದೊಳಗೆ ಈ ವಿಷಯಕ್ಕೆ ಅನ್ವಯಿಸುವ ಮುಖ್ಯ ಕಾಯ್ದೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆ.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ಸಾಕ್ಷಿ ತಾನು ಕಂಡದ್ದನ್ನಲ್ಲದೆ ಬೇರೆಯವರಿಂದ ಕೇಳಿದ್ದನ್ನು ಹೇಳಿದರೆ ಅದು ಕೇಳಿಕೆಯ ಸಾಕ್ಷ್ಯ, ಮತ್ತು ಕೆಲವು ಅಪವಾದಗಳನ್ನು ಬಿಟ್ಟರೆ ನಮ್ಮ ನ್ಯಾಯಾಲಯಗಳು ಅದನ್ನು ಸ್ವೀಕರಿಸುವುದಿಲ್ಲ. ಯುಗೊಸ್ಲಾವಿಯ ನ್ಯಾಯಮಂಡಳಿ ಇದ್ದ ನೆದರ್ಲೆಂಡ್ಸ್‌ನ ಹೇಗ್‌ನ ನಿಯಮ ಹಾಗಿಲ್ಲ. ಯುಗೊಸ್ಲಾವಿಯ ನ್ಯಾಯಮಂಡಳಿಯ 89ನೇ ನಿಯಮದಂತೆ, ಪ್ರಕರಣಕ್ಕೆ ಸಂಬಂಧಿಸಿದ್ದು ಮತ್ತು ಏನನ್ನಾದರೂ ಸಾಬೀತುಪಡಿಸುವ ಶಕ್ತಿಯುಳ್ಳದ್ದು ಎಂದು ಪೀಠಕ್ಕೆ ತೋರಿದ ಯಾವುದೇ ಸಾಕ್ಷ್ಯವನ್ನು ಅದು ಒಳಗೆ ಬಿಟ್ಟುಕೊಳ್ಳಬಹುದು. ಒಳಗೆ ಬಿಟ್ಟುಕೊಂಡದ್ದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಕೊನೆಯಲ್ಲಿ, ಎಲ್ಲ ಸಾಕ್ಷ್ಯಗಳನ್ನೂ ಒಟ್ಟಿಗೆ ಇಟ್ಟು ನೋಡಿ ನಿರ್ಧರಿಸುತ್ತಾರೆ. ಆದ್ದರಿಂದ 'ಕೇಳಿಕೆಯ ಸಾಕ್ಷ್ಯ, ತಿರಸ್ಕರಿಸಬೇಕು' ಎಂದು ಭಾರತೀಯ ನಿಯಮವನ್ನೇ ಹಿಡಿದು ವಾದಿಸಿದರೆ ಅಣಕು ನ್ಯಾಯಾಲಯದಲ್ಲಿ ನಿಮ್ಮ ವಾದ ಮೊದಲ ನಿಮಿಷದಲ್ಲೇ ಬೀಳುತ್ತದೆ.

ಹಂತ 2: ಪ್ರತಿ ಸಾಕ್ಷಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾನೆ ಎಂಬುದನ್ನು ಬೇರ್ಪಡಿಸಿ

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡಬೇಕಾದರೆ ಈ ಹಂತದ್ದನ್ನು ನೆನಪಿಡಿ. ಯುದ್ಧಾಪರಾಧ ಪ್ರಕರಣದಲ್ಲಿ ಸಾಬೀತಾಗಬೇಕಾದ ಸಂಗತಿಗಳು ಎರಡು. ಅಪರಾಧ ನಡೆಯಿತೇ ಎಂಬುದು ಒಂದು. ನಡೆದಿದ್ದರೆ, ಕಟಕಟೆಯಲ್ಲಿರುವ ಈ ವ್ಯಕ್ತಿಗೂ ಅದಕ್ಕೂ ಏನು ಸಂಬಂಧ ಎಂಬುದು ಇನ್ನೊಂದು. ಬದುಕುಳಿದವರು ಹೆಚ್ಚಾಗಿ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಉತ್ತರ ಬರುವುದು ಲಿಂಕೇಜ್ ಸಾಕ್ಷಿಗಳಿಂದ, ಅಂದರೆ ಆದೇಶ ಹೊರಟ ಕಚೇರಿಯಿಂದ ಗುಂಡು ಹಾರಿದ ಸ್ಥಳದವರೆಗಿನ ಕೊಂಡಿಯನ್ನು ತೋರಿಸಬಲ್ಲ ಅಧಿಕಾರಿಗಳು, ಕೆಳಹಂತದ ಸೈನಿಕರು, ಚಾಲಕರು ಮತ್ತು ಸಂದೇಶ ದಾಖಲಿಸಿಕೊಂಡವರಿಂದ.

ಇದಕ್ಕೆ ಸ್ಪಷ್ಟ ಉದಾಹರಣೆ ಬೋಸ್ನಿಯಾದ ಸ್ರೆಬ್ರೆನಿಟ್ಸಾ ಹತ್ಯಾಕಾಂಡದ ಕುರಿತ, ಬೋಸ್ನಿಯಾ ಸರ್ಬ್ ಸೇನೆಯ ಜನರಲ್ ಕ್ರಿಸ್ಟಿಚ್‌ನ ಪ್ರಕರಣ. 1995ರ ಜುಲೈಯಲ್ಲಿ ಪೆಟ್ಕೊವ್ಸಿ ಎಂಬಲ್ಲಿ ಶಾಲೆಯೊಂದರಲ್ಲಿ ಕೂಡಿಹಾಕಿದ್ದವರನ್ನು ಅಣೆಕಟ್ಟಿನ ಬಳಿಗೆ ಒಯ್ದು ಗುಂಡಿಕ್ಕಿದಾಗ ಹೆಣಗಳ ನಡುವೆ ಸತ್ತಂತೆ ಬಿದ್ದುಕೊಂಡು ಪಾರಾದ ಇಬ್ಬರು 'ಸಾಕ್ಷಿ ಓ' ಮತ್ತು 'ಸಾಕ್ಷಿ ಪಿ' ಎಂಬ ಗುಪ್ತನಾಮಗಳಲ್ಲಿ ಹೇಗ್‌ನಲ್ಲಿ ಸಾಕ್ಷ್ಯ ನುಡಿದರು. ಘಟನೆಯ ಕಾಲಕ್ಕೆ ಸಾಕ್ಷಿ ಓ 17 ವರ್ಷದ ಹುಡುಗ. ತನ್ನ ಸಾಕ್ಷ್ಯದ ಕೊನೆಯಲ್ಲಿ ಅವನು, ಗುಂಡು ಹಾರಿಸಿದವರು ದಾರಿ ತಪ್ಪಿಸಲ್ಪಟ್ಟವರು, ತನಗೆ ಹಕ್ಕೂ ಧೈರ್ಯವೂ ಇದ್ದಿದ್ದರೆ ಅವರನ್ನು ಕ್ಷಮಿಸುತ್ತಿದ್ದೆ, ಆದರೆ ಇದನ್ನೆಲ್ಲ ಯೋಜಿಸಿದವರು ಹೊರಗೆ ಸ್ವತಂತ್ರವಾಗಿ ಇರಲು ಅರ್ಹರಲ್ಲ ಎಂಬರ್ಥದ ಮಾತನ್ನು ಹೇಳಿದನು. ಓದುವ ಯಾರ ಮನಸ್ಸನ್ನೂ ಅದು ಹಿಡಿದು ನಿಲ್ಲಿಸುತ್ತದೆ. ಆದರೂ ಜನರಲ್ ಕ್ರಿಸ್ಟಿಚ್‌ನ ಹೊಣೆಯನ್ನು ಆ ಹುಡುಗನ ಮಾತು ಸಾಬೀತುಪಡಿಸಲಿಲ್ಲ, ಅದರಿಂದ ಅದನ್ನು ಯಾರೂ ನಿರೀಕ್ಷಿಸಿರಲೂ ಇಲ್ಲ. ಕೊಂಡಿಯನ್ನು ತೋರಿಸಿದ್ದು ಕದ್ದಾಲಿಸಿ ಬರೆದುಕೊಂಡ ರೇಡಿಯೊ ಸಂಭಾಷಣೆಗಳು, ಸೇನೆಯ ಕಾಗದಪತ್ರಗಳು ಮತ್ತು ಒಳಗಿನವರ ಸಾಕ್ಷ್ಯ. 2001ರ ಆಗಸ್ಟ್ 2ರಂದು ಕ್ರಿಸ್ಟಿಚ್‌ಗೆ 46 ವರ್ಷಗಳ ಶಿಕ್ಷೆಯಾಯಿತು. 2004ರ ಏಪ್ರಿಲ್ 19ರಂದು ಮೇಲ್ಮನವಿ ಪೀಠ, ಅವನು ನರಮೇಧಕ್ಕೆ ನೆರವು ನೀಡಿದವನು ಮಾತ್ರ ಎಂದು ಹೇಳಿ ಶಿಕ್ಷೆಯನ್ನು 35 ವರ್ಷಕ್ಕೆ ಇಳಿಸಿತು. ಆರೋಪಿಯ ಹೊಣೆಯ ಸ್ವರೂಪ ಹೀಗೆ ಬದಲಾದರೂ ಬದುಕುಳಿದವರು ಹೇಳಿದ್ದು ಅಲುಗಾಡಲಿಲ್ಲ.

ನಿಯಮಾವಳಿಯೂ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. ಆರೋಪಿಯ ಸ್ವಂತ ಕೃತ್ಯ ಮತ್ತು ನಡತೆಗೆ ಸಂಬಂಧಿಸದ ವಿಷಯಗಳಲ್ಲಿ ಸಾಕ್ಷಿಯ ಲಿಖಿತ ಹೇಳಿಕೆಯನ್ನೇ ಸ್ವೀಕರಿಸಲು ಅದೇ ನ್ಯಾಯಮಂಡಳಿಯ '92 ಬಿಸ್' ನಿಯಮ ಅವಕಾಶ ನೀಡುತ್ತದೆ. ಟೋಕಿಯೊ ವಿಚಾರಣೆಯಲ್ಲಿ 419 ಮಂದಿ ನ್ಯಾಯಾಲಯದಲ್ಲಿ ನಿಂತು ನುಡಿದರೆ, 779 ಮಂದಿಯ ಸಾಕ್ಷ್ಯ ಅಫಿಡವಿಟ್ ಮತ್ತು ಲಿಖಿತ ಹೇಳಿಕೆಗಳ ರೂಪದಲ್ಲಿ ಬಂದಿತ್ತು. ಅಲ್ಲಿ ಭಿನ್ನ ತೀರ್ಪು ಬರೆದ ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಬೇಕೆಂದರೂ, ಜಪಾನಿ ಪಡೆಗಳು ನಾಗರಿಕರ ಮೇಲೆ ದೌರ್ಜನ್ಯ ಎಸಗಿದವೆಂಬುದಕ್ಕೆ ಬಲವಾದ ಸಾಕ್ಷ್ಯವಿದೆ ಎಂಬುದನ್ನು ಒಪ್ಪಿದ್ದರು. ಪಾಲ್ ಅವರ ತೀರ್ಪನ್ನು 'ದೌರ್ಜನ್ಯವೇ ನಡೆದಿಲ್ಲ' ಎಂಬ ವಾದಕ್ಕೆ ಬಳಸುವವರು ಅದನ್ನು ಓದಿಲ್ಲವೆಂದೇ ಅರ್ಥ.

ನಿಮ್ಮ ಟಿಪ್ಪಣಿ ಪುಸ್ತಕದ ಪ್ರತಿ ಪುಟವನ್ನು ಎರಡು ಭಾಗ ಮಾಡಿ. ಒಂದರ ಮೇಲೆ 'ನಡೆದದ್ದು', ಇನ್ನೊಂದರ ಮೇಲೆ 'ಆರೋಪಿಯ ಸಂಬಂಧ' ಎಂದು ಬರೆದು, ಸಾಕ್ಷಿಯ ಪ್ರತಿ ಮುಖ್ಯ ಮಾತನ್ನೂ ಕಲಾಪದ ಪುಟ ಮತ್ತು ಸಾಲಿನ ಸಂಖ್ಯೆಯೊಂದಿಗೆ ಸೇರಬೇಕಾದ ಕಡೆ ಸೇರಿಸಿ. ಎರಡನೆಯ ಭಾಗ ಖಾಲಿ ಉಳಿದರೆ ಗಾಬರಿಯಾಗಬೇಡಿ, ಆ ಸಾಕ್ಷಿಯ ಕೆಲಸ ಮೊದಲನೆಯ ಭಾಗದಲ್ಲಿತ್ತು ಎಂದು ತಿಳಿಯಿರಿ.

ಹಂತ 3: ಮುಖ್ಯ ವಿಚಾರಣೆಗೆ ನಿಲ್ಲಿಸಬೇಡಿ

ಜಮಖಂಡಿಯಲ್ಲೋ ಇಂಡಿಯಲ್ಲೋ ನ್ಯಾಯಾಲಯದ ಸಾಕ್ಷಿ ಹೇಳಿಕೆಯನ್ನು ನೋಡಿದವರಿಗೆ ಗೊತ್ತಿರುವಂತೆ, ನಮ್ಮಲ್ಲಿ ಪ್ರಶ್ನೋತ್ತರವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪಕ್ಕೆ ತಿರುಗಿಸಿ ಬರೆಯುತ್ತಾರೆ. ಅಂತರರಾಷ್ಟ್ರೀಯ ನ್ಯಾಯಮಂಡಳಿಗಳ ದಾಖಲೆಯಲ್ಲಿ ಪ್ರತಿ ಪ್ರಶ್ನೆ, ಪ್ರತಿ ಉತ್ತರ, ವಕೀಲರ ಆಕ್ಷೇಪಣೆ, ಸಾಕ್ಷಿ ಅತ್ತಾಗ ಕೊಟ್ಟ ವಿರಾಮ ಎಲ್ಲವೂ ಇರುತ್ತವೆ. ಇದರಿಂದ ಓದು ನಿಧಾನವಾಗುತ್ತದೆ. ಬೇಸತ್ತು ಪ್ರಾಸಿಕ್ಯೂಷನ್ ಕೇಳಿದ ಮುಖ್ಯ ವಿಚಾರಣೆಯನ್ನು ಮಾತ್ರ ಓದಿ, ಪಾಟಿ ಸವಾಲನ್ನು ಮತ್ತು ನ್ಯಾಯಾಧೀಶರ ಪ್ರಶ್ನೆಗಳನ್ನು ಬಿಟ್ಟುಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ನ್ಯಾಯಾಧೀಶರ ಪ್ರಶ್ನೆಗಳು ಎಷ್ಟು ಮುಖ್ಯವಾಗಬಲ್ಲವು ಎಂಬುದನ್ನು ರುವಾಂಡಾ ನ್ಯಾಯಮಂಡಳಿಯ ಅಕಾಯೆಸು ಪ್ರಕರಣ ತೋರಿಸುತ್ತದೆ. ಟಾಬಾ ಎಂಬ ಪ್ರದೇಶದ ಆಡಳಿತಾಧಿಕಾರಿಯಾಗಿದ್ದ ಜಾನ್ ಪಾಲ್ ಅಕಾಯೆಸು ವಿರುದ್ಧದ ಮೊದಲ ದೋಷಾರೋಪ ಪಟ್ಟಿಯಲ್ಲಿ ಲೈಂಗಿಕ ದೌರ್ಜನ್ಯದ ಆರೋಪವೇ ಇರಲಿಲ್ಲ. 1997ರ ಜನವರಿಯಲ್ಲಿ 'ಸಾಕ್ಷಿ ಜೆ' ಎಂಬ ಮಹಿಳೆ ಬೇರೆ ವಿಷಯದ ಬಗ್ಗೆ ನುಡಿಯುತ್ತಿರುವಾಗ, ತನ್ನ ಆರು ವರ್ಷದ ಮಗಳ ಮೇಲೆ ಅತ್ಯಾಚಾರ ನಡೆದದ್ದನ್ನು ತಾನಾಗಿಯೇ ಹೇಳಿದರು. ಪೀಠದಲ್ಲಿದ್ದ ಏಕೈಕ ಮಹಿಳಾ ನ್ಯಾಯಾಧೀಶೆ ನವನೀತಂ ಪಿಳ್ಳೈ ಅವರೂ ಸಹೋದ್ಯೋಗಿಗಳೂ ಆ ಮಾತನ್ನು ಹಾಗೆಯೇ ಬಿಡದೆ ಪ್ರಶ್ನೆಗಳನ್ನು ಮುಂದುವರಿಸಿದರು. ನಂತರ 'ಸಾಕ್ಷಿ ಎಚ್' ತಾವು ಅನುಭವಿಸಿದ್ದನ್ನು ಹೇಳಿದರು. ಆ ವರ್ಷದ ಜೂನ್‌ನಲ್ಲಿ ದೋಷಾರೋಪ ಪಟ್ಟಿಯನ್ನು ತಿದ್ದಲಾಯಿತು. 1998ರ ಸೆಪ್ಟೆಂಬರ್ 2ರ ತೀರ್ಪು ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದೆಂದು ಮೊದಲ ಬಾರಿಗೆ ಸಾರಿತು. ತನಿಖಾಧಿಕಾರಿಗಳು ಕೇಳದೆ ಬಿಟ್ಟದ್ದನ್ನು ಹೇಳಿ, ಪ್ರಕರಣದ ದಿಕ್ಕನ್ನೇ ಬದಲಿಸಿದವರು ಸಾಕ್ಷಿಗಳು. ಅಂತರರಾಷ್ಟ್ರೀಯ ಕಾನೂನಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೊಡುಗೆಯನ್ನು ಸಾಕ್ಷಿಗಳು ಕೊಟ್ಟ ಇನ್ನೊಂದು ಸಂದರ್ಭ ನನಗೆ ಕಾಣುವುದಿಲ್ಲ.

ಹಂತ 4: ದೂರ, ಕಾಲ ಮತ್ತು ದುಭಾಷಿ

'ಎಷ್ಟು ಮೀಟರ್ ದೂರದಿಂದ ನೋಡಿದಿರಿ? ಆಗ ಗಂಟೆ ಎಷ್ಟು?' ಎಂಬ ಪ್ರಶ್ನೆಗಳಿಗೆ ಸಾಕ್ಷಿ ತಡವರಿಸಿದರೆ ಅವರನ್ನು ತಕ್ಷಣ ಸಂಶಯಿಸಬೇಡಿ. ಬಸವನ ಬಾಗೇವಾಡಿಯ ಕಡೆಯ ಹಿರಿಯರೊಬ್ಬರನ್ನು ಮಳೆ ಯಾವ ತಾರೀಖಿಗೆ ಬಂತು ಎಂದು ಕೇಳಿದರೆ 'ಕಾರಹುಣ್ಣಿವಿ ಮುಂದ' ಎನ್ನುತ್ತಾರೆ, ದೂರ ಕೇಳಿದರೆ ಕೂಗಳತೆ ಅಥವಾ ಹರದಾರಿ ಎನ್ನುತ್ತಾರೆ. ಅವರಿಗೆ ವಿಷಯ ಗೊತ್ತಿಲ್ಲವೆಂದು ಇದರರ್ಥವಲ್ಲ. ಅಕಾಯೆಸು ಪೀಠ ಇದನ್ನೇ ತನ್ನ ತೀರ್ಪಿನಲ್ಲಿ ವಿವರವಾಗಿ ಚರ್ಚಿಸಿದೆ: ಗ್ರಾಮೀಣ ಸಾಕ್ಷಿಗಳಲ್ಲಿ ಅನೇಕರಿಗೆ ದಿನಾಂಕ, ದೂರ ಮತ್ತು ನಕ್ಷೆಗಳ ಬಳಕೆ ಇರಲಿಲ್ಲ, ಕಿನ್ಯಾರುವಾಂಡಾ ಭಾಷೆಯ ಮಾತು ಫ್ರೆಂಚಿಗೂ ಇಂಗ್ಲಿಷಿಗೂ ದಾಟುವಾಗ ಅರ್ಥ ಜಾರುತ್ತಿತ್ತು. ಬೇರೆಯವರಿಂದ ತಿಳಿದದ್ದನ್ನೂ ಸ್ವತಃ ಕಂಡಂತೆ ಹೇಳುವ ವಾಡಿಕೆ ಅಲ್ಲಿರುವುದನ್ನು ಗಮನಿಸಿ, 'ಇದನ್ನು ನೀವೇ ಕಂಡಿರೋ, ಕೇಳಿದಿರೋ' ಎಂಬುದನ್ನು ಪೀಠ ಎಚ್ಚರದಿಂದ ಬೇರ್ಪಡಿಸಿತು. ನೀವೂ ಟಿಪ್ಪಣಿಯಲ್ಲಿ ಪ್ರತಿ ಮಾತಿನ ಪಕ್ಕದಲ್ಲಿ 'ಕಂಡದ್ದು' ಅಥವಾ 'ಕೇಳಿದ್ದು' ಎಂದು ಗುರುತು ಹಾಕಿ.

ಹಂತ 5: ವ್ಯತ್ಯಾಸಗಳನ್ನು ತೂಗಿ

ಸಾಕ್ಷಿ ತನಿಖಾಧಿಕಾರಿಗೆ ಮೊದಲು ಕೊಟ್ಟ ಹೇಳಿಕೆಗೂ ನ್ಯಾಯಾಲಯದಲ್ಲಿ ನುಡಿದದ್ದಕ್ಕೂ ವ್ಯತ್ಯಾಸ ತೋರಿಸುವುದೇ ಆರೋಪಿ ಪರ ವಕೀಲರ ಮುಖ್ಯ ಅಸ್ತ್ರ. ವ್ಯತ್ಯಾಸ ಸಿಕ್ಕಾಗ ಮೂರು ಪ್ರಶ್ನೆಗಳನ್ನು ಕೇಳಿ. ಅದು ಘಟನೆಯ ತಿರುಳಿಗೆ ಸಂಬಂಧಿಸಿದ್ದೇ, ಅಂಚಿನ ವಿವರಕ್ಕೆ ಸಂಬಂಧಿಸಿದ್ದೇ? ಮೊದಲ ಹೇಳಿಕೆಯನ್ನು ಯಾರು, ಯಾವ ಭಾಷೆಯಲ್ಲಿ ಬರೆದುಕೊಂಡರು, ಅದನ್ನು ಸಾಕ್ಷಿಗೆ ಓದಿ ಹೇಳಿದರೇ? ಹೊಸದಾಗಿ ಸೇರಿದ ಮಾತು ಆರೋಪಿಯನ್ನು ಸಿಕ್ಕಿಸುವಂಥದ್ದೇ? ಮೂರನೆಯ ಪ್ರಶ್ನೆಗೆ ಉತ್ತರ ಹೌದೆಂದಾದರೆ ಎಚ್ಚರ ಇಮ್ಮಡಿಯಾಗಬೇಕು.

ಆಘಾತದಿಂದ ನೆನಪು ಕೆಟ್ಟಿರಬಹುದು ಎಂಬ ವಾದ ಯುಗೊಸ್ಲಾವಿಯ ನ್ಯಾಯಮಂಡಳಿಯ ಫುರುಂಜಿಯಾ ಪ್ರಕರಣದಲ್ಲಿ ಬಂತು. 1998ರ ಡಿಸೆಂಬರ್ 10ರ ತೀರ್ಪಿನಲ್ಲಿ ಪೀಠ, ಆಘಾತೋತ್ತರ ಮಾನಸಿಕ ತೊಂದರೆ ಇರುವವರೂ ನಂಬಲರ್ಹ ಸಾಕ್ಷಿಗಳಾಗಬಹುದು ಎಂದು ಹೇಳಿತು. ಲೈಂಗಿಕ ದೌರ್ಜನ್ಯದಲ್ಲಿ ಸಂತ್ರಸ್ತೆಯ ಮಾತಿಗೆ ಬೇರೆ ಸಾಕ್ಷ್ಯದ ಬೆಂಬಲ ಕಡ್ಡಾಯವಲ್ಲ ಎಂಬುದು ಅಲ್ಲಿನ 96ನೇ ನಿಯಮ.

ಇಷ್ಟೇ ಸಂಖ್ಯೆಯ ಸಾಕ್ಷಿಗಳು ಬೇಕು ಎಂಬ ನಿಯಮ ನಮ್ಮ 1872ರ ಸಾಕ್ಷ್ಯ ಕಾಯ್ದೆಯ 134ನೇ ಕಲಮಿನಲ್ಲಿಯೂ ಇರಲಿಲ್ಲ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇಲ್ಲ. ಹೇಗ್‌ನಲ್ಲಿಯೂ ಇಲ್ಲ. ಹಾಗಾಗಿ ಲೇಖನದ ಆರಂಭದಲ್ಲಿ ಹೇಳಿದ ವಿದ್ಯಾರ್ಥಿಗಳ ಮೊದಲ ಪ್ರಶ್ನೆಗೆ ಉತ್ತರ: ಒಬ್ಬರ ಸಾಕ್ಷ್ಯದ ಮೇಲೆ ಶಿಕ್ಷೆ ಆಗಬಹುದು, ಆದರೆ ಅದು ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ನಿಲ್ಲಬೇಕು. ಕೆಲವೊಮ್ಮೆ ಉಳಿಯುವುದೇ ಒಬ್ಬರು. ಎರಡನೇ ಮಹಾಯುದ್ಧದಲ್ಲಿ ಸಿಂಗಪುರದಲ್ಲಿ ಜಪಾನಿ ಸೇನೆಗೆ ಸೆರೆಸಿಕ್ಕು ನ್ಯೂಗಿನಿಗೆ ಸಾಗಿಸಲ್ಪಟ್ಟ ಭಾರತೀಯ ಯುದ್ಧಕೈದಿಗಳಲ್ಲಿ ಬದುಕುಳಿದ ಚಿಂತ್ ಸಿಂಗ್ ಅವರನ್ನು ಆಸ್ಟ್ರೇಲಿಯಾದ ಸೇನೆ ನಡೆಸಿದ ಯುದ್ಧಾಪರಾಧ ತನಿಖೆಗೆ ಸಾಕ್ಷಿಯಾಗಿ ಅಲ್ಲಿಯೇ ಉಳಿಸಿಕೊಳ್ಳಲಾಗಿತ್ತು. ತಾಯ್ನಾಡಿಗೆ ಹೊರಟಿದ್ದ ಅವರ ಹತ್ತು ಸಂಗಡಿಗರು 1945ರ ನವೆಂಬರ್‌ನಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು.

ಹಂತ 6: ಗುರುತಿಸುವಿಕೆಯನ್ನು ಬೇರೆಯಾಗಿಯೇ ಪರೀಕ್ಷಿಸಿ

ಪ್ರಾಮಾಣಿಕರಾದ ಸಾಕ್ಷಿಗಳೂ ತಪ್ಪಬಹುದಾದ ಜಾಗ ಇದು. ಏನು ನಡೆಯಿತು ಎಂಬುದನ್ನು ಸರಿಯಾಗಿ ಹೇಳುವವರು ಯಾರು ಮಾಡಿದರು ಎಂಬಲ್ಲಿ ತಪ್ಪಿದರೆ ಅದು ಸುಳ್ಳಲ್ಲ. ಆದರೆ ಆ ತಪ್ಪಿನಿಂದ ನಿರಪರಾಧಿಯೊಬ್ಬ ಜೈಲಿಗೆ ಹೋಗಬಹುದು, ನಿಜವಾದ ಅಪರಾಧಿ ಹೊರಗೆ ಉಳಿಯಬಹುದು.

1993ರ ಏಪ್ರಿಲ್ 16ರ ಬೆಳಗಿನ ಜಾವ ಬೋಸ್ನಿಯಾದ ಅಹ್ಮಿಚಿ ಎಂಬ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ತಮ್ಮ ಮನೆಗೆ ನುಗ್ಗಿದವರಲ್ಲಿ ಇಬ್ಬರು ಪರಿಚಿತ ಕುಪ್ರೆಶ್ಕಿಚ್ ಸೋದರರು ಎಂದು, ಆಗ 13 ವರ್ಷದವಳಾಗಿದ್ದ 'ಸಾಕ್ಷಿ ಎಚ್' ದೃಢವಾಗಿ ನುಡಿದಳು (ಈ ಗುಪ್ತನಾಮ ರುವಾಂಡಾ ಪ್ರಕರಣದ್ದರಂತೆಯೇ ಇದ್ದರೂ ವ್ಯಕ್ತಿ ಬೇರೆ). ವಿಚಾರಣಾ ಪೀಠ ಅವಳ ದೃಢತೆಯನ್ನು ಮೆಚ್ಚಿ ಶಿಕ್ಷೆ ವಿಧಿಸಿತು. 2001ರ ಅಕ್ಟೋಬರ್ 23ರಂದು ಮೇಲ್ಮನವಿ ಪೀಠ ಆ ಇಬ್ಬರನ್ನೂ ಬಿಡುಗಡೆ ಮಾಡಿತು. ಭಯ, ಗದ್ದಲ ಮತ್ತು ಅಲ್ಪ ಸಮಯದ ನಡುವೆ ಮಾಡಿದ ಗುರುತಿಸುವಿಕೆಗೆ ಸಾಕ್ಷಿಯ ಆತ್ಮವಿಶ್ವಾಸ ಆಧಾರವಾಗಲಾರದು ಎಂಬುದು ಅದರ ನಿಲುವು.

ಜಾನ್ ದೆಮ್ಯಾನ್ಯುಕ್ ಪ್ರಕರಣ ಇನ್ನೂ ಕಲಿಸುವಂಥದ್ದು. ನಾಜಿಗಳ ಟ್ರೆಬ್ಲಿಂಕಾ ಹತ್ಯಾ ಶಿಬಿರದ ಕ್ರೂರ ಕಾವಲುಗಾರ 'ಭಯಂಕರ ಇವಾನ್' ಇವನೇ ಎಂದು ಬದುಕುಳಿದವರು ಗುರುತಿಸಿದ್ದರಿಂದ 1988ರಲ್ಲಿ ಇಸ್ರೇಲಿನ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಸೋವಿಯತ್ ಕಡತಗಳು ತೆರೆದಾಗ, ಅಲ್ಲಿ ಕಾವಲಿದ್ದವರೇ ಆ 'ಭಯಂಕರ ಇವಾನ್' ಮಾರ್ಚೆಂಕೊ ಎಂಬ ಬೇರೊಬ್ಬ ಎಂದು ಹೇಳಿದ್ದು ಕಂಡುಬಂದು, 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಂಶಯದ ಲಾಭ ನೀಡಿತು. 2011ರಲ್ಲಿ ಮ್ಯೂನಿಕ್‌ನ ನ್ಯಾಯಾಲಯ ಸೊಬಿಬೋರ್ ಶಿಬಿರದ ಕಾವಲುಗಾರನಾಗಿದ್ದನೆಂದು ಅದೇ ವ್ಯಕ್ತಿಗೆ ಶಿಕ್ಷೆ ವಿಧಿಸಿದ್ದು ಮುಖ್ಯವಾಗಿ ದಾಖಲೆಗಳ ಬಲದ ಮೇಲೆ. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ, 2012ರಲ್ಲಿ ಅವನು ಸತ್ತನು. ಟ್ರೆಬ್ಲಿಂಕಾದಲ್ಲಿ ನಡೆದದ್ದರ ಬಗ್ಗೆ ಬದುಕುಳಿದವರು ಹೇಳಿದ ಒಂದು ಮಾತೂ ಇದರಿಂದ ಸುಳ್ಳಾಗುವುದಿಲ್ಲ.

ಆದ್ದರಿಂದ ಬೆಳಕು, ದೂರ, ನೋಡಲು ಸಿಕ್ಕ ಸಮಯ, ಮುಖಕ್ಕೆ ಬಣ್ಣವೋ ಮುಸುಕೋ ಇತ್ತೇ ಎಂಬುದು, ಹಿಂದಿನ ಪರಿಚಯ, ಹೆಸರನ್ನು ಮೊದಲ ಬಾರಿ ಹೇಳಿದ್ದು ಯಾವಾಗ, ಫೋಟೊ ತೋರಿಸಿದ ವಿಧಾನ ಇವಿಷ್ಟನ್ನೂ ಬರೆದುಕೊಳ್ಳಿ. ವಿದ್ಯಾರ್ಥಿಗಳ ಎರಡನೆಯ ಪ್ರಶ್ನೆಗೂ, ಅಂದರೆ ನೋವುಂಡವರನ್ನು ಪಾಟಿ ಸವಾಲಿಗೆ ಒಡ್ಡಬಹುದೇ ಎಂಬುದಕ್ಕೂ, ಇಲ್ಲಿಯೇ ಉತ್ತರವಿದೆ. ಪಾಟಿ ಸವಾಲು ಸಾಕ್ಷಿಯನ್ನು ಅವಮಾನಿಸಲು ಇರುವುದಲ್ಲ, ಹಾಗೆ ಬಳಸುವ ವಕೀಲರನ್ನು ಪೀಠ ತಡೆಯಬೇಕು. ಆದರೆ ಅದಿಲ್ಲದೆ ಈ ಸಂಗತಿಗಳು ಹೊರಬರುವುದಿಲ್ಲ, ಮತ್ತು ಪರೀಕ್ಷೆಗೆ ನಿಂತು ಉಳಿದ ಸಾಕ್ಷ್ಯವನ್ನು ಮುಂದೆ ಯಾರೂ ಸುಲಭವಾಗಿ ಅಲ್ಲಗಳೆಯಲಾರರು.

ಹಂತ 7: ಮಾತಿನ ಪಕ್ಕದಲ್ಲಿ ಮಣ್ಣು, ಕಾಗದ, ಚಿತ್ರಗಳನ್ನು ಇಟ್ಟು ನೋಡಿ

ಪೆಟ್ಕೊವ್ಸಿ ಅಣೆಕಟ್ಟಿನ ಬಳಿಯ ಗುಂಡಿಯನ್ನು ಅಪರಾಧಿಗಳು ಯಂತ್ರದಿಂದ ಅಗೆದು ಹೆಣಗಳನ್ನು ಬೇರೆಡೆಗೆ ಸಾಗಿಸಿದ್ದರು. ಆ ಗುಂಡಿಗೂ ಲಿಪ್ಲಿಯೆ ಎಂಬಲ್ಲಿನ ಎರಡನೆಯ ಗುಂಡಿಗೂ ಇರುವ ಸಂಬಂಧವನ್ನು ವಿಧಿವಿಜ್ಞಾನ ಪರೀಕ್ಷೆಗಳು ತೋರಿಸಿದವು. ಬದುಕುಳಿದವರು ಹೇಳಿದ ಜಾಗ ಸರಿಯೆಂಬುದಕ್ಕೆ ಮಣ್ಣೇ ಬೆಂಬಲವಾಯಿತು. ತೀರ್ಪಿನ ಅಡಿಟಿಪ್ಪಣಿಗಳಲ್ಲಿ ಪ್ರಾಸಿಕ್ಯೂಷನ್ನಿನ ದಾಖಲೆಗಳಿಗೆ 'ಪಿ', ಆರೋಪಿ ಪರ ದಾಖಲೆಗಳಿಗೆ 'ಡಿ' ಎಂಬ ಗುರುತಿರುತ್ತದೆ, ಅವನ್ನು ಹಿಂಬಾಲಿಸಿ.

ಇದಕ್ಕೆ ವ್ಯತಿರಿಕ್ತವಾದದ್ದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಮೊದಲ ತೀರ್ಪು. ಕಾಂಗೋದ ಸಶಸ್ತ್ರ ಗುಂಪೊಂದರ ನಾಯಕ ಲುಬಾಂಗಾನ ಕುರಿತ 2012ರ ಮಾರ್ಚ್ 14ರ ತೀರ್ಪಿನಲ್ಲಿ, ಬಾಲಸೈನಿಕರಾಗಿದ್ದೆವೆಂದು ನುಡಿದ ಯುವಕರಲ್ಲಿ ಹೆಚ್ಚಿನವರ ಸಾಕ್ಷ್ಯವನ್ನು ಪೀಠ ನೆಚ್ಚಿಕೊಳ್ಳಲಿಲ್ಲ. ತನಿಖೆಗಾರರಿಗೂ ಸಾಕ್ಷಿಗಳಿಗೂ ನಡುವೆ ಇದ್ದ ಮಧ್ಯವರ್ತಿಗಳಲ್ಲಿ ಕೆಲವರು ಸುಳ್ಳು ಹೇಳಲು ಪ್ರೇರೇಪಿಸಿರಬಹುದು ಎಂಬುದು ಕಾರಣ. ಆದರೂ ವೀಡಿಯೊ ಚಿತ್ರಗಳೂ ಸೇರಿದಂತೆ ಬೇರೆ ಸಾಕ್ಷ್ಯಗಳಿಂದ ಅಪರಾಧ ಸಾಬೀತಾಯಿತು. ಸಾಕ್ಷಿಯನ್ನು ಹುಡುಕಿ ತಂದವರು ಯಾರು ಎಂಬುದನ್ನು ಓದುವಾಗ ತಪ್ಪದೆ ಗಮನಿಸಿ.

ಹಂತ 8: ಗುಪ್ತನಾಮವನ್ನು ಮುಟ್ಟಬೇಡಿ

ರಕ್ಷಿತ ಸಾಕ್ಷಿಯ ನಿಜವಾದ ಹೆಸರನ್ನು ಅಂತರಜಾಲದಲ್ಲಿ ಹುಡುಕಬೇಡಿ. ಅಕಸ್ಮಾತ್ ತಿಳಿದರೂ ಬರೆಯಬೇಡಿ. ಹಾಗೆ ಪ್ರಕಟಿಸಿದ ಕ್ರೊಯೇಷ್ಯಾದ ಪತ್ರಕರ್ತರಿಗೆ ಹೇಗ್‌ನಲ್ಲಿ ನ್ಯಾಯಾಂಗ ನಿಂದನೆಗಾಗಿ ಶಿಕ್ಷೆಯಾಗಿದೆ. ಕಲಾಪದಲ್ಲಿ ಖಾಲಿ ಬಿಟ್ಟ ಪುಟಗಳು ಕಂಡರೆ ಅವು ಗೋಪ್ಯ ಕಲಾಪದ ಭಾಗಗಳು, ಏನೋ ಮುಚ್ಚಿಟ್ಟಿದ್ದಾರೆ ಎಂದು ಪ್ರಬಂಧದಲ್ಲಿ ಊಹೆ ಬರೆಯಬೇಡಿ. ನಮ್ಮಲ್ಲಿಯೂ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಗುರುತು ಮರೆಮಾಡಲು ಅವಕಾಶ ಕೊಡುತ್ತದೆ.

ಹಂತ 9: ಬರೆಯುವಾಗ

'ಸಾಕ್ಷಿ ಹೇಳಿದರು', 'ವಿಚಾರಣಾ ಪೀಠ ನಂಬಿತು' ಮತ್ತು 'ಸಾಬೀತಾಯಿತು' ಎಂಬ ಮೂರು ಮಾತುಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸಬೇಡಿ. ನೋವಿನ ವಿವರಗಳನ್ನು ನಿಮ್ಮ ವಾದಕ್ಕೆ ಬೇಕಾದಷ್ಟೇ ಉದ್ಧರಿಸಿ, ಕೇಳುಗರನ್ನು ಕಲಕಲೆಂದು ಉದ್ದುದ್ದ ಓದಬೇಡಿ. ಪ್ರತಿ ಉಲ್ಲೇಖಕ್ಕೂ ಪ್ರಕರಣದ ಹೆಸರು, ಸಾಕ್ಷಿಯ ಗುಪ್ತನಾಮ, ದಿನಾಂಕ ಮತ್ತು ಕಲಾಪದ ಪುಟಸಂಖ್ಯೆ ಕೊಡಿ. ಪ್ರಬಂಧ ಒಪ್ಪಿಸುವ ಹಿಂದಿನ ದಿನ ಮೇಲ್ಮನವಿ ಪೀಠದ ತೀರ್ಪನ್ನು ಮತ್ತೊಮ್ಮೆ ತೆರೆದು, ನೀವು ಆಧರಿಸಿದ ಸಾಕ್ಷಿಯ ಬಗ್ಗೆ ಅದು ಹೇಳಿರುವ ಪ್ಯಾರಾಗಳನ್ನು ನೋಡಿ. ವಿಚಾರಣಾ ಪೀಠದ ನಿರ್ಣಯ ಅಲ್ಲಿ ತಿರುವುಮುರುವಾಗಿದ್ದರೆ ಆ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳದೆ ಪ್ರಬಂಧದ ಮುಖ್ಯ ಭಾಗದಲ್ಲೇ ಬರೆಯಿರಿ.